ಟ್ಯೂನಿಂಗ್ ಮಾಡಿಸಿದರೆ ಡೀಸೆಲ್ ಕಾರಿನ ಮೈಲೇಜ್ ಹೆಚ್ಚುತ್ತಾ? ಆ ಗ್ರಾಫ್ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಡೀಸೆಲ್ ಕಾರಿನವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥದ್ದೊಂದು ಸ್ಕ್ರೀನ್‌ಶಾಟ್ ಆಗಾಗ ಬರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂತಿರುತ್ತವೆ. ಪಕ್ಕದಲ್ಲಿ ಡ್ಯಾಶ್‌ಬೋರ್ಡ್ ಮೈಲೇಜಿನ ಫೋಟೊ. "ಪವರ್ ಕೂಡ ಜಾಸ್ತಿ, ಮೈಲೇಜ್ ಕೂಡ ಜಾಸ್ತಿ, ಇಲ್ಲಿದೆ ಪ್ರೂಫ್" ಎಂಬ ಬರಹ. ಪವರ್ ಹೆಚ್ಚಿರುವುದು ನಿಜವಿರಬಹುದು. ಆದರೆ ಮೈಲೇಜಿಗೆ ಆ ಫೋಟೊ ಪುರಾವೆ ಅಲ್ಲ. ಏಕೆ ಅಂತ ನೋಡೋಣ.

ಮ್ಯಾಪ್ ಅಂದರೆ ಏನು?

ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರೇ ಇಸಿಯು. ಅದರೊಳಗೆ ಅಂಕಿಗಳ ಕೋಷ್ಟಕಗಳಿರುತ್ತವೆ. ಅವೇ ಮ್ಯಾಪ್‌ಗಳು. ಆರ್‌ಪಿಎಂ ಎಷ್ಟಿದೆ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂದು ನೋಡಿ, ಎಷ್ಟು ಮಿಲಿಗ್ರಾಂ ಡೀಸೆಲ್ ಸಿಂಪಡಿಸಬೇಕು ಎಂಬುದನ್ನು ಇಸಿಯು ಈ ಕೋಷ್ಟಕಗಳಿಂದ ತಿಳಿದುಕೊಳ್ಳುತ್ತದೆ. ಬರುವ ಗಾಳಿಗೆ ತಕ್ಕಂತೆ ಡೀಸೆಲ್‌ಗೆ ಮಿತಿ ಹಾಕುವ ಮ್ಯಾಪ್ ಕೂಡ ಇದೆ. 1 ಕೆಜಿ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆಜಿ ಗಾಳಿ ಬೇಕು. ಹೊಗೆ ಬರಬಾರದು ಅಂದರೆ ಅದಕ್ಕಿಂತ ಹೆಚ್ಚೇ ಬೇಕು. ರೀಮ್ಯಾಪ್ ಮಾಡುವವರು ಬದಲಿಸುವುದು ಈ ಅಂಕಿಗಳನ್ನೇ.

ಲಾಗ್‌ನಲ್ಲಿ ಏನು ನೋಡಬೇಕು?

ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಸೆನ್ಸರ್‌ಗಳ ಅಂಕಿಗಳನ್ನು ಮೊಬೈಲಿನಲ್ಲಿ ದಾಖಲಿಸಬಹುದು. ಇದೇ ಡೇಟಾ ಲಾಗಿಂಗ್. ಕೆಲವು ಅಂಕಿಗಳಿಗೆ ಆಯಾ ಕಂಪನಿಯ ಸ್ಕ್ಯಾನರ್ರೇ ಬೇಕಾಗಬಹುದು. ಮುಖ್ಯವಾಗಿ ಮೂರನ್ನು ಗಮನಿಸಿ.

1. ರೈಲ್ ಪ್ರೆಷರ್: ಇಸಿಯು ಕೇಳಿದ್ದೆಷ್ಟು, ಸೆನ್ಸರ್ ತೋರಿಸಿದ್ದೆಷ್ಟು? ಫುಲ್ ಆಕ್ಸಿಲರೇಟರ್‌ನಲ್ಲಿ ಎರಡನೆಯದು ಕೆಳಗೇ ಉಳಿದರೆ ಪಂಪ್ ಅಥವಾ ಫಿಲ್ಟರ್ ಸಾಲುತ್ತಿಲ್ಲದಿರಬಹುದು.

2. ಟರ್ಬೊ ಒತ್ತಡ: ಆ್ಯಪ್‌ಗಳು ಸಾಮಾನ್ಯವಾಗಿ ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುತ್ತವೆ. ಈ ಒತ್ತಡ ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಂಗಳೂರಿನಲ್ಲಿ ಸುಮಾರು 91. ಅಂದರೆ ಎರಡೂ ಕಡೆ 220 ಎಂದು ಕಂಡರೂ ಬೆಂಗಳೂರಿನಲ್ಲಿ ಟರ್ಬೊ ಹೆಚ್ಚು ದುಡಿಯುತ್ತಿದೆ. ಊರು ಬದಲಾದರೆ ಹೋಲಿಕೆ ಕೆಡುತ್ತದೆ.

3. ಗಾಳಿ ಮತ್ತು ಡೀಸೆಲ್: ಡೀಸೆಲ್ ಮಾತ್ರ ಹೆಚ್ಚಿ ಗಾಳಿ ಹೆಚ್ಚದಿದ್ದರೆ ಕಪ್ಪು ಹೊಗೆ ಬರುತ್ತದೆ, ಟರ್ಬೊಗೆ ಬಿಸಿ ಏರುತ್ತದೆ.

ಟ್ಯೂನಿಂಗ್‌ಗೆ ಮುಂಚಿನ ಲಾಗ್ ಇಲ್ಲದಿದ್ದರೆ ನಂತರದ್ದಕ್ಕೆ ಬೆಲೆಯಿಲ್ಲ. ಎರಡೂ ಸಲ ಅದೇ ಗೇರ್, ಅದೇ ಆರ್‌ಪಿಎಂ ಇರಬೇಕು. ಒಮ್ಮೆಗೆ ನಾಲ್ಕೈದು ಅಂಕಿ ಸಾಕು. ಹೆಚ್ಚು ಆರಿಸಿದರೆ ಅಗ್ಗದ ಅಡಾಪ್ಟರ್ ನಿಧಾನವಾಗಿ, ಕ್ಷಣಕಾಲದ ಏರಿಳಿತ ತಪ್ಪಿಹೋಗುತ್ತದೆ. ಫುಲ್ ಆಕ್ಸಿಲರೇಟರ್ ಪರೀಕ್ಷೆಯನ್ನು ರಸ್ತೆಯಲ್ಲಿ ಮಾಡಬೇಡಿ, ಡೈನೊ ಇರುವಲ್ಲೇ ಮಾಡಿಸಿ.

ಲಾಗ್ ಕೂಡ ತಪ್ಪು ಹೇಳಬಹುದು

ಟ್ಯೂನಿಂಗ್ ಬಾಕ್ಸ್‌ಗಳಲ್ಲಿ ಹಲವು, ರೈಲ್ ಪ್ರೆಷರ್ ಸೆನ್ಸರ್ ಮತ್ತು ಇಸಿಯು ನಡುವೆ ಕೂತು ಒತ್ತಡವನ್ನು ಕಡಿಮೆ ಮಾಡಿ ಹೇಳುತ್ತವೆ. ಉದಾಹರಣೆಗೆ, ಇಸಿಯುಗೆ 1400 ಬಾರ್ ಬೇಕು. ಬಾಕ್ಸ್ 150 ಕಡಿಮೆ ಹೇಳುತ್ತದೆ. ಇಸಿಯು ಒತ್ತಡ ಏರಿಸುತ್ತಾ ಹೋಗುತ್ತದೆ. ತನಗೆ 1400 ಕಂಡಾಗ ನಿಜಕ್ಕೂ ಇರುವುದು 1550! ಲಾಗ್‌ನಲ್ಲಿ ಮಾತ್ರ ಕೇಳಿದ್ದೂ 1400, ಸಿಕ್ಕಿದ್ದೂ 1400. ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದರ ಗುಟ್ಟು ಇದೂ ಆಗಿರಬಹುದು.

ಒತ್ತಡ ಹೆಚ್ಚಾದ್ದರಿಂದ ಪ್ರತಿ ಸಲವೂ ಸುಮಾರು ಶೇ. 5ರಷ್ಟು ಹೆಚ್ಚು ಡೀಸೆಲ್ ಹೋಗುತ್ತದೆ. ಡ್ಯಾಶ್‌ಬೋರ್ಡ್ ಮೈಲೇಜ್ ಲೆಕ್ಕ ಹಾಕುವುದು ಇಸಿಯು ತಾನು ಕೊಟ್ಟೆ ಎಂದುಕೊಂಡ ಡೀಸೆಲ್‌ನಿಂದ. ಈ ಹೆಚ್ಚುವರಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ಓಡಿದಾಗ ಲೀಟರಿಗೆ 20 ಕಿ.ಮೀ. ಎಂದು ಕಂಡರೂ ನಿಜಕ್ಕೂ ಸಿಗುವುದು ಸುಮಾರು 19. ರೀಮ್ಯಾಪ್‌ನಲ್ಲೂ ಇಂಜೆಕ್ಟರ್ ತೆರೆದಿರುವ ಸಮಯದ ಕೋಷ್ಟಕವನ್ನು ಹಿಗ್ಗಿಸಿದ್ದರೆ ಇದೇ ಕಥೆ.

ಹೊರಗಿನ ಅಳತೆಯೇ ದಾರಿ

ಗಾಡಿಯ ಸಾಫ್ಟ್‌ವೇರ್ ಹೇಳಿದ್ದನ್ನಷ್ಟೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಫೋಕ್ಸ್‌ವ್ಯಾಗನ್ ಹಗರಣ ಸಾಕ್ಷಿ. ಅದರ ಡೀಸೆಲ್ ಕಾರುಗಳು ಲ್ಯಾಬ್ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದವು. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಹೊಗೆ ಅಳೆಯುವ ಉಪಕರಣವನ್ನು ಕಾರಿಗೇ ಕಟ್ಟಿ ರಸ್ತೆಯಲ್ಲಿ ಓಡಿಸಿತು. ಒಂದು ಕಾರು ಮಿತಿಗಿಂತ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. 2015ರಲ್ಲಿ ಹಗರಣ ಬಯಲಾಯಿತು. ಆ ತಂಡದಲ್ಲಿ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಅವರೂ ಇದ್ದರು.

ನಿಮಗೆ ಅಷ್ಟು ದೊಡ್ಡ ಉಪಕರಣ ಬೇಡ. ಒಂದೇ ಬಂಕ್‌ನಲ್ಲಿ, ನಾಜಲ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ. ಎಂದಿನಂತೆ 500 ಕಿ.ಮೀ. ಓಡಿಸಿ ಮತ್ತೆ ಅಲ್ಲೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಹಿಡಿದ ಲೀಟರ್‌ನಿಂದ ಭಾಗಿಸಿ. ಟ್ಯೂನಿಂಗ್‌ಗೆ ಮುಂಚೆ ಮೂರು ಸಲ, ನಂತರ ಮೂರು ಸಲ ಹೀಗೆ ಮಾಡಿ ಹೋಲಿಸಿ.

ಇನ್ನೊಂದು ಮಾತು: ಟ್ಯೂನಿಂಗ್‌ನಿಂದ ವಾರಂಟಿ ಹೋಗಬಹುದು. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ.

ಮುಂದಿನ ಸಲ ಗ್ರೂಪ್‌ನಲ್ಲಿ ಆ ಸ್ಕ್ರೀನ್‌ಶಾಟ್ ಬಂದರೆ ಒಂದೇ ಪ್ರಶ್ನೆ ಕೇಳಿ: "ಬಂಕ್ ಬಿಲ್ ಲೆಕ್ಕದಲ್ಲಿ ಎಷ್ಟು ಬಂತು?"