ಕಾರಿಲ್ಲದ ದಿನ ಮತ್ತು ಅದರ ಮರುದಿನ

ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ನೀವು ನೋಡಿರಬಹುದು. ಆ ಹೊತ್ತು ಬೀದಿಯೆಲ್ಲ ನಡೆಯುವವರದೇ. ಮುದುಕರೂ ಮಕ್ಕಳೂ ನಡುಬೀದಿಯಲ್ಲಿ ನಿರ್ಭಯವಾಗಿ ನಿಲ್ಲುತ್ತಾರೆ. ಜಾತ್ರೆ ಮುಗಿಯಿತೋ, ಬೀದಿ ಮತ್ತೆ ವಾಹನಗಳ ವಶ! ನಗರಗಳು ಆಚರಿಸುವ ‘ಕಾರಿಲ್ಲದ ದಿನ’ದ ಗುಣವೂ ಕೊರತೆಯೂ ಈ ಚಿತ್ರದಲ್ಲಿಯೇ ಇವೆ.

1973ರ ತೈಲ ಬಿಕ್ಕಟ್ಟಿನಲ್ಲಿ ಹಾಲೆಂಡ್, ಸ್ವಿಟ್ಜರ್ಲೆಂಡ್ ದೇಶಗಳು ಕೆಲವು ಭಾನುವಾರ ಕಾರುಗಳ ಓಡಾಟವನ್ನು ನಿಲ್ಲಿಸಿದುವು. ಆಗಿನ ಉದ್ದೇಶ ಪೆಟ್ರೋಲಿನ ಉಳಿತಾಯ. ಕೊಲಂಬಿಯದ ಬೊಗೋಟಾ ನಗರವಾದರೋ 2000ದ ಫೆಬ್ರವರಿಯಲ್ಲಿ, ಕೆಲಸದ ದಿನವೇ, ಖಾಸಗಿ ಕಾರುಗಳಿಗೆ ರಜೆ ಕೊಟ್ಟಿತು. ಅದೇ ವರ್ಷ ಜನಮತ ಪಡೆದು ಅದನ್ನು ವಾರ್ಷಿಕ ನಿಯಮವಾಗಿಸಿತು. ಡಿಸೆಂಬರಿನಲ್ಲಿ ಬಸ್ಸುಗಳಿಗೇ ಮೀಸಲಾದ ಹಾದಿಯನ್ನೂ ತೆರೆಯಿತು. ನಮ್ಮ ಬೆಂಗಳೂರಿನಲ್ಲಿ 2018ರ ಫೆಬ್ರವರಿಯಲ್ಲಿ, ತಿಂಗಳ ಎರಡನೆಯ ಭಾನುವಾರ ಸ್ವಂತ ವಾಹನ ಬಿಟ್ಟು ಬನ್ನಿರೆಂದು ಸರ್ಕಾರ ಕೇಳಿಕೊಂಡಿತು. ಭಾನುವಾರ ರಸ್ತೆ ಹೇಗೂ ಹಗುರ. ಕಚೇರಿ, ಶಾಲೆಗಳ ದಿನದ ನಿಜವಾದ ತೊಡಕು ಅಂದು ಪರೀಕ್ಷೆಗೆ ಒಳಗಾಗುವುದೇ ಇಲ್ಲ.

ಇನ್ನು ಬಳ್ಳಾರಿಯ ಮಾತು. ಕುರುಗೋಡು ಸುಮಾರು 30 ಕಿಲೋಮೀಟರು, ಸಿರುಗುಪ್ಪ ಸುಮಾರು 55. ಆಸ್ಪತ್ರೆಗೆ, ಕಾಲೇಜಿಗೆ, ಜೀನ್ಸ್ ಹೊಲಿಗೆಯ ಕೆಲಸಕ್ಕೆ ನಗರಕ್ಕೆ ಬರುವ ಬಹುಮಂದಿಗೆ ಸ್ವಂತ ಕಾರೇ ಇಲ್ಲ. ಕಾರಿನ ಜೊತೆಗೆ ಆಟೋವನ್ನೂ ತಡೆದರೆ ವ್ರತ ಉಳ್ಳವರದು, ಉಪವಾಸ ಇಲ್ಲದವರದು ಎಂದಂತಾದೀತು. 2023ರ ಜೂನ್‌ನಲ್ಲಿ ಬಂದ ‘ಶಕ್ತಿ’ ಯೋಜನೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ದರದ ಚಿಂತೆಯನ್ನು ಕಳೆಯಿತು. ಆದರೆ ಬಸ್ಸು ಹೊತ್ತಿಗೆ ಬರಬೇಕು, ಕೂರಲು ಜಾಗವಿರಬೇಕು, ಇಳಿದ ಮೇಲೆ ನಡೆಯಲು ಕಾಲುದಾರಿ ಬೇಕು, ನೆರಳೂ ಬೇಕು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ನೆರಳು ಅಲಂಕಾರವಲ್ಲ, ಅವಶ್ಯಕತೆ.

ಹಾಗಾದರೆ ಈ ದಿನವೇ ಬೇಡವೆ? ಬೇಕು, ಹಬ್ಬವಾಗಿ ಅಲ್ಲ, ಪರೀಕ್ಷೆಯಾಗಿ. ಚಳಿಗಾಲದ ಒಂದು ಕೆಲಸದ ದಿನ ಬೆಂಗಳೂರು ರಸ್ತೆಯಂಥ ಒಂದೇ ಅಂಗಡಿಬೀದಿಯನ್ನು ಆರಿಸಿಕೊಳ್ಳೋಣ. ಆಂಬುಲೆನ್ಸಿಗೆ ದಾರಿಯಿರಲಿ, ಅಂಗವಿಕಲರ ವಾಹನಕ್ಕೆ ವಿನಾಯಿತಿಯಿರಲಿ, ಅಂಗಡಿಯ ಸಾಮಾನು ನಸುಕಿನಲ್ಲೇ ಇಳಿಯಲಿ. ಸಿರುಗುಪ್ಪ, ಕುರುಗೋಡುಗಳಿಂದ ಹೆಚ್ಚಿನ ಬಸ್ಸು ಓಡಲಿ. ಎಷ್ಟು ಜನ ನಡೆದರು, ವ್ಯಾಪಾರ ಏರಿತೆ ಇಳಿಯಿತೆ, ಬಸ್ಸಿಗೆ ಎಷ್ಟು ಹೊತ್ತು ಕಾದರು ಎಂದು ಬರೆದಿಡೋಣ. ಆ ಲೆಕ್ಕ ನೋಡಿ ಮರುದಿನದಿಂದ ಒಂದು ಬಸ್ಸಾದರೂ ಹೆಚ್ಚಾಗಿ ಉಳಿದರೆ, ಒಂದು ಕಾಲುದಾರಿಯಾದರೂ ತೆರವಾದರೆ, ಆ ದಿನ ಸಾರ್ಥಕ.

ಬೆಳಗಿನ ಬಸ್ಸಿಗೆ ಕುರುಗೋಡಿನಲ್ಲಿ ಕಾದು ನಿಂತಿರುವ ಹುಡುಗಿ ತರಗತಿಯ ಗಂಟೆ ಬಾರಿಸುವ ಮುನ್ನ ಕಾಲೇಜು ಸೇರಿದಳೆ? ಈ ದಿನಾಚರಣೆಗೆ ಅಂಕ ಕೊಡಬೇಕಾದವಳು ಅವಳೇ.