ಜೇಸನ್ ದಾಖಲೆಗಳನ್ನು ತಖ್ತೆಗಳಿಗೆ ಇಳಿಸುವ ಕ್ರಮ

ಮಣ್ಣು ಪರೀಕ್ಷೆಯ ಫಲಿತಾಂಶಗಳು ಕಾಗದದ ಮೇಲೆ ಬರುತ್ತಿದ್ದ ಕಾಲದಲ್ಲಿ ಗುಮಾಸ್ತನು ಅವುಗಳನ್ನು ಕಲಂವಾರು ತಖ್ತೆಗೆ ಏರಿಸುತ್ತಿದ್ದನು. ಈಗ ಇಂತಹ ವಿವರಗಳು ಜೇಸನ್ ಎಂಬ ರೂಪದಲ್ಲಿ ಗಣಕಯಂತ್ರಕ್ಕೆ ಬಂದು ಸೇರುವುದುಂಟು. ೨೦೦೧ರ ಸುಮಾರಿಗೆ ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಎಂಬುವರು ಬಳಕೆಗೆ ತಂದ ಈ ರೂಪವು ಒಂದರೊಳಗೊಂದಿಟ್ಟ ಡಬ್ಬಿಗಳಂತಿರುವುದು. ರೈತನ ದಾಖಲೆಯೊಳಗೆ ಸರ್ವೆ ನಂಬರುಗಳು, ಸರ್ವೆ ನಂಬರಿನೊಳಗೆ ಮಣ್ಣಿನ ಮಾದರಿಗಳು, ಮಾದರಿಯೊಳಗೆ ಪರೀಕ್ಷೆಗಳು. ಸಾಗಿಸುವುದಕ್ಕೆ ಇದು ಬಹು ಅನುಕೂಲವಾದುದು. ಆದರೆ ತಾಲ್ಲೂಕಿನಲ್ಲಿ ಸತುವಿನ ಕೊರತೆಯುಳ್ಳ ಜಮೀನೆಷ್ಟೆಂದು ಕೇಳಿದರೆ, ಡಬ್ಬಿಗಳನ್ನೆಲ್ಲ ಬಿಚ್ಚಿಯೇ ನೋಡಬೇಕಾಗುವುದು.

೧೯೭೦ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿದ್ವಾಂಸರು ಪ್ರಕಟಿಸಿದ ಸಂಬಂಧಾತ್ಮಕ ಕ್ರಮದಲ್ಲಿ ವಿವರಗಳು ಸಾಲು ಮತ್ತು ಕಲಮುಗಳುಳ್ಳ ತಖ್ತೆಗಳಲ್ಲಿರುತ್ತವೆ. ಒಂದು ತಖ್ತೆಯನ್ನು ಮತ್ತೊಂದಕ್ಕೆ ಗುರುತಿನ ಸಂಖ್ಯೆಯು ಕೂಡಿಸುತ್ತದೆ. ಇವುಗಳನ್ನು ವಿಚಾರಿಸತಕ್ಕ ಭಾಷೆಯೇ ಎಸ್‌ಕ್ಯೂಎಲ್. ೨೦೧೬ರ ಎಸ್‌ಕ್ಯೂಎಲ್ ನಿಯಮಾವಳಿಯಲ್ಲಿ ಜೇಸನ್ ಟೇಬಲ್ ಎಂಬ ಸಾಧನವು ಸೇರಿತು. ಮೈಎಸ್‌ಕ್ಯೂಎಲ್ ೮.೦ರಲ್ಲಿ (೨೦೧೮) ಮತ್ತು ಪೋಸ್ಟ್‌ಗ್ರೆಸ್ ೧೭ರಲ್ಲಿ (೨೦೨೪) ಇದು ದೊರೆಯುತ್ತದೆ. ಮೂಲದಿಂದ ಹೊರಟು ಯಾವ ದಾರಿಯಲ್ಲಿ ಹೋದರೆ ಯಾವ ಕಲಮು ಸಿಕ್ಕುವುದೆಂಬುದನ್ನು ಇದರಲ್ಲಿ ಬರೆಯಬೇಕು; ಒಳಗಿನ ಡಬ್ಬಿಗೆ ಇಳಿಯುವ ಕಡೆ ನೆಸ್ಟೆಡ್ ಪಾತ್ ಎಂದು ನಮೂದಿಸಬೇಕು. ಮಾದರಿಗೆ ಸ್ವಂತ ಸಂಖ್ಯೆಯಿಲ್ಲದಿದ್ದಲ್ಲಿ ಫಾರ್ ಆರ್ಡಿನಾಲಿಟಿ ಎಂಬ ಕಲಮು ಕ್ರಮಾಂಕವನ್ನು ಕೊಡುವುದು.

ಎಲ್ಲವನ್ನೂ ಒಂದೇ ತಖ್ತೆಗೆ ಇಳಿಸಿಬಿಡುವ ಆಸೆಯು ಸಹಜವಾದರೂ ಅಪಾಯಕರವಾದುದು. ಒಬ್ಬ ರೈತನಿಗೆ ೨ ಎಕರೆ ೨೦ ಗುಂಟೆ ಜಮೀನಿದ್ದು, ಎರಡು ಮಾದರಿಗಳನ್ನು ತೆಗೆದಿರುವುದೆಂದು ಭಾವಿಸೋಣ. ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಂತೆ ಮಾದರಿಯೊಂದಕ್ಕೆ ೧೨ ಪರೀಕ್ಷೆಗಳಾದರೆ ೨೪ ಸಾಲುಗಳಾಗುತ್ತವೆ. ಪ್ರತಿ ಸಾಲಿನಲ್ಲಿಯೂ ವಿಸ್ತೀರ್ಣವು ಮರುಕಳಿಸುತ್ತದೆ. ಆ ಕಲಮನ್ನು ಕೂಡಿದರೆ ೬೦ ಎಕರೆ! ಎರಡೂವರೆ ಎಕರೆಯ ಬಡವನು ಗಣಕಯಂತ್ರದಲ್ಲಿ ಜಮೀನ್ದಾರನಾಗುವನು. ಗೊಬ್ಬರದ ಬೇಡಿಕೆಯ ಅಂದಾಜೂ ಅದೇ ಪ್ರಮಾಣದಲ್ಲಿ ಉಬ್ಬುವುದು. ಆದುದರಿಂದ ಜಮೀನು, ಮಾದರಿ, ಪರೀಕ್ಷೆ ಎಂದು ಮೂರು ತಖ್ತೆಗಳನ್ನು ಬೇರೆ ಬೇರೆಯಾಗಿ ಮಾಡಿ, ವಿಸ್ತೀರ್ಣವನ್ನು ಮೊದಲನೆಯದರಲ್ಲಿ ಮಾತ್ರ ಇಡತಕ್ಕದ್ದು.

ಇದಕ್ಕಿಂತಲೂ ಸೂಕ್ಷ್ಮವಾದುದು ಇಲ್ಲದ ಅಂಕಿಯ ವಿಚಾರ. ಸತುವಿನ ಪರೀಕ್ಷೆಯೇ ನಡೆಯದಿದ್ದರೆ ಆ ಸ್ಥಳದಲ್ಲಿ ನಲ್ ಎಂಬ ಖಾಲಿ ಗುರುತು ಬರುತ್ತದೆ, ಅದು ಸೊನ್ನೆಯಲ್ಲ. ಖಾಲಿ ಮನೆಗಳು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಸೊನ್ನೆ ತುಂಬಿದಲ್ಲಿ, ೦.೬ ಪಿಪಿಎಂಗಿಂತ ಕಡಮೆಯಾದುದನ್ನು ಕೊರತೆಯೆಂದು ಎಣಿಸುವಾಗ ಪರೀಕ್ಷೆಯಾಗದ ಹೊಲವೂ ಆ ಪಟ್ಟಿಗೆ ಸೇರಿ, ಬಡ ರೈತನು ಬೇಡದ ಸತುವಿನ ಸಲ್ಫೇಟಿಗೆ ಹಣ ತೆರುವನು. ಅಂಕಿಯಿರಬೇಕಾದ ಕಡೆ "ಇಲ್ಲ" ಎಂಬ ಮಾತು ಬಂದಿದ್ದರೂ ಜೇಸನ್ ಟೇಬಲ್ ಸಾಮಾನ್ಯವಾಗಿ ಸದ್ದಿಲ್ಲದೆ ನಲ್ ಎಂದೇ ಬರೆದುಬಿಡುತ್ತದೆ. ಮೊದಲ ಸಲವಾದರೂ ಎರರ್ ಆನ್ ಎರರ್ ಎಂದು ನಮೂದಿಸಿದರೆ ಕೆಲಸವು ಅಲ್ಲಿಯೇ ನಿಂತು ತಪ್ಪು ಹೊರಬೀಳುವುದು. ರಸಸಾರವನ್ನು ಅಕ್ಷರರೂಪದಲ್ಲಿಯೇ ಉಳಿಸಕೂಡದು, ಅಕ್ಷರಕ್ರಮದಲ್ಲಿ ೧೦.೨ ಎಂಬುದು ೬.೫ಕ್ಕಿಂತ ಮುಂಚೆ ಬರುತ್ತದೆ.

ಪೋಸ್ಟ್‌ಗ್ರೆಸ್ಸಿನ ಹಳೆಯ ಆವೃತ್ತಿಗಳಲ್ಲಿ ಪಟ್ಟಿಯನ್ನು ಬಿಡಿಸುವ ಬೇರೆ ಸಾಧನವನ್ನು ಬಳಸುವವರು, ಮಾದರಿಯ ಪಟ್ಟಿ ಖಾಲಿಯಿರುವ ರೈತನು ಸಾಮಾನ್ಯ ಜೋಡಣೆಯಲ್ಲಿ ಪೂರ್ತಿಯಾಗಿ ಮಾಯವಾಗುವನೆಂಬುದನ್ನು ಗಮನಿಸಬೇಕು. ಮಣ್ಣು ತೆಗೆಯಲು ಯಾರೂ ಹೋಗದೆ ಉಳಿದ ಹೊಲಗಳೇ ಹೀಗೆ ಬಿಟ್ಟುಹೋಗತಕ್ಕವು. ಲೆಫ್ಟ್ ಜಾಯಿನ್ ಲ್ಯಾಟರಲ್ ಬಳಸಿದರೆ ಅವರ ಹೆಸರು ಉಳಿಯುವುದು. ನೆಸ್ಟೆಡ್ ಪಾತ್‌ನಲ್ಲಿ ಈ ತೊಂದರೆಯಿಲ್ಲ. ಬಂದ ಜೇಸನನ್ನು ಇದ್ದಂತೆಯೇ ಬೇರೊಂದು ತಖ್ತೆಯಲ್ಲಿ ಕಾಪಾಡಿಟ್ಟು, ಅದರ ರೈತರ ಸಂಖ್ಯೆಯನ್ನೂ ಇಳಿಸಿದ ತಖ್ತೆಯ ರೈತರ ಸಂಖ್ಯೆಯನ್ನೂ ತಾಳೆ ನೋಡಿದ ಮೇಲೆಯೇ ವರದಿಯನ್ನು ಮೇಲಕ್ಕೆ ಕಳುಹಿಸಬೇಕು.