ಹೃದಯಕ್ಕೆ ಪ್ರಾಣವಾಯು ಸಾಲದಾದಾಗ

ಮನೆಯ ಹಿರಿಯ ಹೆಂಗಸರು ಮೆಟ್ಟಿಲು ಹತ್ತುವಾಗ ನಡುವೆ ನಿಂತು ಏದುಸಿರು ಬಿಟ್ಟರೆ, ವಯಸ್ಸಾಯಿತೆಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ನಮ್ಮ ಅಕ್ಕನವರ ವಿಷಯದಲ್ಲಿ ನಾವೂ ಎರಡು ವರ್ಷ ಹಾಗೆಯೇ ಹೇಳಿದೆವು. ಅಷ್ಟೇ ಅಲ್ಲದೆ, ಹೃದಯಕ್ಕೆ ಕೊಬ್ಬು ಸೇರಿರಬೇಕೆಂದು ಊಹಿಸಿ, ಅವರ ಎಲೆಗೆ ತುಪ್ಪ ಬಡಿಸುವುದನ್ನೂ ನಿಲ್ಲಿಸಿದೆವು. ಕಡೆಗೆ ವೈದ್ಯರು ಅವರ ಕೆಳರೆಪ್ಪೆಯನ್ನು ಎಳೆದು ನೋಡಿ, ರಕ್ತವನ್ನು ಪರೀಕ್ಷಿಸಿ, ಹಿಮೋಗ್ಲೋಬಿನ್ ೬ ಗ್ರಾಂ ಮಾತ್ರವಿದೆಯೆಂದರು. ಹೆಂಗಸರಿಗೆ ಅದು ೧೨ ಆದರೂ ಇರತಕ್ಕದ್ದು. ಕೊಬ್ಬಿನ ಮಾತನ್ನು ನಾವು ಎತ್ತಿದಾಗ ಅವರು ನಕ್ಕು, "ತುಪ್ಪದಿಂದಲ್ಲ ಸ್ವಾಮಿ, ಗಾಳಿ ಸಾಲದೆ ಕೊಬ್ಬು ಸೇರುವುದೂ ಉಂಟು" ಎಂದರು. ಆ ಮಾತು ನಮ್ಮನ್ನು ಪುಸ್ತಕಗಳ ಬಳಿಗೆ ಅಟ್ಟಿತು.

ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುವುದು. ಈ ದುಡಿಮೆಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ೬೦–೭೦ ಪಾಲನ್ನು ಅದು ರಕ್ತದಲ್ಲಿ ಹರಿದುಬರುವ ಮೇದಾಮ್ಲಗಳಿಂದಲೇ, ಎಂದರೆ ಕೊಬ್ಬಿನ ಅಂಶದಿಂದಲೇ, ಪಡೆಯುತ್ತದೆ. ಕೊಬ್ಬು ಹೃದಯಕ್ಕೆ ಶತ್ರುವೆಂದೇ ಕೇಳಿಕೊಂಡು ಬಂದ ನಮಗೆ ಇದು ಆಶ್ಚರ್ಯವೇ ಸರಿ. ಮೇದಾಮ್ಲದ ಉದ್ದನೆಯ ಸರಪಳಿಯಿಂದ ಇಂಗಾಲದ ಕೊಂಡಿಗಳು ಎರಡೆರಡಾಗಿ ಕಳಚಿ ಬೀಳುತ್ತವೆಂಬುದನ್ನು ಜರ್ಮನಿಯ ಫ್ರಾಂಟ್ಸ್ ಕ್ನೂಪ್ ಎಂಬ ವಿದ್ವಾಂಸನು ೧೯೦೪ರಲ್ಲಿ ತೋರಿಸಿಕೊಟ್ಟನು.

ಆದರೆ ಈ ಇಂಧನಕ್ಕೆ ಗಾಳಿಯ ಹಸಿವು ಹೆಚ್ಚು. ಸಕ್ಕರೆಯ ಒಂದು ಅಣುವು ಪೂರ್ಣವಾಗಿ ಉರಿಯಲು ಆಮ್ಲಜನಕದ ೬ ಅಣುಗಳು ಸಾಕು. ಪಾಮಿಟಿಕ್ ಎಂಬ ಮೇದಾಮ್ಲದ ಒಂದು ಅಣುವಿಗೆ ೨೩ ಬೇಕು. ಮೇದಾಮ್ಲವು ಕೊಡುವ ಶಕ್ತಿಯೂ ಅಧಿಕವೇ, ನಿಜ. ಆದರೂ ಸಮನಾದ ಶಕ್ತಿಗೆ ಲೆಕ್ಕ ಹಾಕಿದರೆ ಕೊಬ್ಬಿಗೆ ನೂರಕ್ಕೆ ಸುಮಾರು ಹತ್ತು ಪಾಲು ಹೆಚ್ಚು ಆಮ್ಲಜನಕ ಖರ್ಚಾಗುತ್ತದೆ. ಮೇಲಾಗಿ ಸಕ್ಕರೆಯು ಗಾಳಿಯಿಲ್ಲದೆಯೂ ಅಷ್ಟಿಷ್ಟು ಶಕ್ತಿ ಕೊಡಬಲ್ಲುದು, ಕೊಬ್ಬು ಕೊಡಲಾರದು. ಹೃದಯವಾದರೋ ಸುಮ್ಮನಿರುವಾಗಲೇ ತನಗೆ ಬಂದ ರಕ್ತದಿಂದ ಆಮ್ಲಜನಕದ ಮುಕ್ಕಾಲು ಪಾಲನ್ನು ಹೀರಿಬಿಟ್ಟಿರುತ್ತದೆ. ಆ ರಕ್ತವೇ ಬಡವಾದರೆ ಇನ್ನೆಲ್ಲಿಂದ ಹೀರಬೇಕು?

ಗೂಡಿನೊಳಗೆ ಗಾಳಿ ಸಾಲದ ಹಣತೆಯನ್ನು ನೋಡಿರಿ. ಎಣ್ಣೆ ತುಂಬಿದೆ, ಬತ್ತಿ ಹೀರುತ್ತಲೇ ಇದೆ, ಜ್ವಾಲೆ ಮಾತ್ರ ಕುಗ್ಗಿ ಹೊಗೆಯಾಡುತ್ತದೆ. ಹೃದಯದ ಜೀವಕೋಶದ ಗತಿಯೂ ಇದೇ. ಮೇದಾಮ್ಲವು ಒಳಗೆ ಬರುತ್ತಲೇ ಇರುತ್ತದೆ, ಉರಿಯಲಾರದು. ಅರ್ಧ ಬೆಂದ ಅಂಶಗಳು ಶೇಖರವಾಗಿ ಕೋಶದ ಪೊರೆಗಳನ್ನು ಸಾಬೂನಿನಂತೆ ಸಡಿಲಿಸುತ್ತವೆ. ಉಳಿದುದು ಸಣ್ಣ ಸಣ್ಣ ಕೊಬ್ಬಿನ ಹನಿಗಳಾಗಿ ಕೋಶದೊಳಗೇ ನಿಲ್ಲುತ್ತದೆ. ಬಹುಕಾಲ ತೀವ್ರವಾದ ರಕ್ತಹೀನತೆಯಿಂದ ನರಳಿ ಮೃತರಾದವರ ಹೃದಯವನ್ನು ಸೀಳಿ ನೋಡಿದ ವೈದ್ಯರು, ಒಳಗಿನ ಮಾಂಸದಲ್ಲಿ ಹಳದಿಯ ಮತ್ತು ಕೆಂಗಂದು ಬಣ್ಣದ ಪಟ್ಟೆಗಳನ್ನು ಕಂಡು, ಅದನ್ನು ಹುಲಿಯ ಮೈಗೆ ಹೋಲಿಸಿದರು. ಹಳದಿಯೆಲ್ಲ ಉರಿಯದೆ ಉಳಿದ ಕೊಬ್ಬು! ರಕ್ತನಾಳಗಳ ಒಳಗೋಡೆಗೆ ಮೆತ್ತಿ ದಾರಿಯನ್ನು ಕಟ್ಟುವ ಕೊಬ್ಬು ಬೇರೆ, ಇದು ಬೇರೆ. ಕಾಲ ಮೀರುವ ಮುನ್ನ ರಕ್ತವು ತುಂಬಿದರೆ ಈ ಹನಿಗಳು ಮರಳಿ ಕರಗಬಲ್ಲವು.

ದೇಹವು ಇದನ್ನು ತಿಳಿಯದೆ ಇಲ್ಲ. ಆಮ್ಲಜನಕವು ಕಡಿಮೆಯಾದಾಗ ಕೋಶದಲ್ಲಿ ಎಚ್ಚರಗೊಳ್ಳುವ ಎಚ್.ಐ.ಎಫ್. ಎಂಬ ಸಸಾರಜನಕವೊಂದು, ಕೊಬ್ಬಿನ ಒಲೆಯನ್ನು ತಗ್ಗಿಸಿ ಸಕ್ಕರೆಯ ಒಲೆಯನ್ನು ಹೆಚ್ಚಿಸುತ್ತದೆ. ಕೋಶಗಳು ಆಮ್ಲಜನಕವನ್ನು ಅರಿಯುವ ಈ ಬಗೆಯನ್ನು ಬಿಡಿಸಿದ್ದಕ್ಕಾಗಿ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಹಿಮಾಲಯದ ತೆಳುಗಾಳಿಯಲ್ಲಿ ತಲೆತಲಾಂತರದಿಂದ ಬಾಳಿದ ಶೆರ್ಪಾ ಜನರ ಹೃದಯವು ನಮ್ಮದಕ್ಕಿಂತ ಹೆಚ್ಚಾಗಿ ಸಕ್ಕರೆಯನ್ನು ಬಳಸುವುದೆಂದು ೧೯೯೦ರ ದಶಕದ ಪರೀಕ್ಷೆಗಳು ತೋರಿಸಿವೆ.

ಚರಕಸಂಹಿತೆಯು ಪಾಂಡುರೋಗದ ಮುಂಗುರುತುಗಳನ್ನು ಹೇಳುವಾಗ ಎದೆ ಡವಗುಟ್ಟುವುದನ್ನೂ ಆಯಾಸವನ್ನೂ ಸೇರಿಸಿದೆ. ಅದನ್ನು ಎಳೆವಯಸ್ಸಿನಲ್ಲಿಯೇ ಓದಿದ್ದ ನಾವು ಮನೆಯಲ್ಲೇ ಗುರುತಿಸದೆ ಹೋದೆವು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದ್ದಿತು. ಎಲ್ಲರದೂ ಹುಲಿಪಟ್ಟೆಯ ಮಟ್ಟಕ್ಕೆ ಹೋಗದು. ಆದರೆ ಕೆಳರೆಪ್ಪೆಯನ್ನು ನೋಡಲು ಎಷ್ಟು ಹೊತ್ತು ಬೇಕು?

ಅಕ್ಕನವರಿಗೆ ಹೊಟ್ಟೆಯ ಹುಣ್ಣಿನಿಂದ ದಿನವೂ ತುಸು ತುಸು ರಕ್ತ ಸೋರುತ್ತಿತ್ತು. ಹುಣ್ಣಿಗೆ ಔಷಧವೂ ಕಬ್ಬಿಣದ ಗುಳಿಗೆಯೂ ನಡೆದು, ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ ೧೧ಕ್ಕೆ ಏರಿತು. ಮೊನ್ನೆ ಅವರು ನಿಲ್ಲದೆ ಮಹಡಿಯನ್ನೇರಿ ಬಂದು, ತುಪ್ಪದ ಗಿಂಡಿ ಎಲ್ಲಿದೆಯೆಂದು ನಮ್ಮನ್ನು ಕೇಳಿದರು.